ತೋಟದ ಮರದಲ್ಲೇ ಹೊಸ ಮನೆ ಇಂಟೀರಿಯರ್ ಮಾಡ್ಬಹುದಾ? ಆರ್ಕಿಟೆಕ್ಟ್ ಬೇಡ ಅಂತಿದಾರೆ

ತುಂಗಾ_ತೀರ

ಎಲ್ರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ರ ನಮ್ಮ ಹಳೇ ಮನೆ ಪಕ್ಕದಲ್ಲೇ ಹೊಸ ಮನೆ ಕಟ್ಟೋಣ ಅಂತ ಇದೀವಿ. ನಾನಿರೋದು ಬೆಂಗಳೂರಲ್ಲಿ, ಅಪ್ಪಯ್ಯ ಅಮ್ಮ ಊರಲ್ಲಿ. ಪ್ಲಾನ್ ಹೆಚ್ಚುಕಮ್ಮಿ ಫೈನಲ್ ಆಗಿದೆ, ದೀಪಾವಳಿ ಕಳೆದ ಮೇಲೆ ಪಾಯ ತೆಗೆಸೋದು. ಮನೆ ಹಳೇ ಕಾಲದ ತೊಟ್ಟಿ ಮನೆ ಥರ ಏನಲ್ಲ, ಸಿಂಪಲ್ ಆಗಿ ದೊಡ್ಡ ಕಿಟಕಿ, ಡಬಲ್ ಹೈಟ್ ಹಾಲ್, ಒಳಗಡೆ ಮೆಟ್ಟಿಲು, ಸ್ವಲ್ಪ ಭಾಗ ಹೆಂಚು ಸ್ವಲ್ಪ ಭಾಗ ಆರ್‌ಸಿಸಿ.

ಜಗಳ ಇರೋದು ಮರದ ವಿಷಯಕ್ಕೆ. ತೋಟದ ಅಂಚಲ್ಲಿ ಸಿಲ್ವರ್ ಓಕ್ ಸಾಲಾಗಿ ಇದಾವೆ, ತಬ್ಬಿದ್ರೆ ಕೈ ಸೇರಲ್ಲ ಅಷ್ಟು ದಪ್ಪ. ಎರಡು ಹಳೇ ಹಲಸು, ಒಂದು ಕಾಯಿ ಬಿಡೋದು ನಿಲ್ಸಿದೆ. ಮತ್ತಿ ಇದೆ, ಬ್ಯಾಣದ (ದನ ಮೇಯೋ ಹುಲ್ಲುಗಾವಲಿನ) ಕಡೆ ಅಕೇಶಿಯಾ ಇದೆ, ಅಡಿಕೆ ಅಂತೂ ಕೇಳ್ಬೇಡಿ. ಅಪ್ಪಯ್ಯಂದು ಒಂದೇ ಮಾತು, ಮನೇಲಿ ಇಷ್ಟು ಮರ ಇಟ್ಕೊಂಡು ಘಾನಾದಿಂದ ಬಂದ ತೇಗಕ್ಕೆ ಯಾಕೆ ದುಡ್ಡು ಕೊಡ್ಬೇಕು ಅಂತ. ನಮ್ಮ ಆರ್ಕಿಟೆಕ್ಟ್ ಹೇಳೋದು ಲೋಕಲ್ ಮರ ಸೊಟ್ಟ ಆಗುತ್ತೆ, ಹುಳ ಬೀಳುತ್ತೆ, ಫಿನಿಶ್ ಬರಲ್ಲ, ಕಿಟಕಿಗೆ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಹಾಕಿ, ಮಿಕ್ಕಿದ್ದಕ್ಕೆ ಪ್ಲೈವುಡ್ ಮೇಲೆ ವೆನಿಯರ್ (ತೆಳು ಮರದ ಹಾಳೆ) ಹಾಕಿ ಮುಗಿಸಿ, ಬೇಕಾದ್ರೆ ಮುಂಬಾಗಿಲು ಮಾತ್ರ ತೇಗದ್ದು ಮಾಡ್ಸಿ ಅಂತ. ಇಬ್ರೂ ಹೇಳೋದು ಸರಿ ಅನ್ಸುತ್ತೆ ನಂಗೆ, ಅದೇ ತೊಂದ್ರೆ.

ಯಾರಾದ್ರೂ ನಿಜವಾಗ್ಲೂ ಸ್ವಂತ ಮರ ಕೊಯ್ಸಿ ಈಗಿನ ಥರದ ಮನೆಗೆ ಬಳ್ಸಿದೀರಾ? ಯಾವ ಮರ ಎಲ್ಲಿಗೆ ಆಗುತ್ತೆ, ಎಲ್ಲಿಗೆ ಆಗಲ್ಲ? ಪರ್ಮಿಶನ್ ಕಥೆ ಏನು? ಖರ್ಚು ನಿಜವಾಗ್ಲೂ ಉಳಿಯುತ್ತಾ ಅಥ್ವಾ ಅದು ಅಪ್ಪಯ್ಯನ ಲೆಕ್ಕ ಮಾತ್ರನಾ?

---

ಕಾಫಿಗಿಡ_ಕರಿಮೆಣಸು

ಮೂಡಿಗೆರೆ ಕಡೆಯವನು ನಾನು, ಸಿಲ್ವರ್ ವಿಷಯ ನಾನು ಹೇಳ್ತೀನಿ, ಮಿಕ್ಕಿದ್ದು ಬೇರೆಯವರು ಹೇಳ್ಲಿ.

ನಮ್ಮ ಕಡೆ ಸಿಲ್ವರ್ ಅಂದ್ರೆ ಕಾಫಿಗೆ ನೆರಳು, ಮೆಣಸಿನ ಬಳ್ಳಿ ಹಬ್ಬಿಸೋಕೆ ಕಂಬ, ದುಡ್ಡು ಬೇಕಾದಾಗ ಪ್ಲೈವುಡ್ ಫ್ಯಾಕ್ಟ್ರಿಯವರಿಗೆ ಮಾರೋ ಮಾಲು. ಮನೆಗೆ ಹಾಕೋ ಮರ ಅಂತ ಎಸ್ಟೇಟಿನವರೇ ನೋಡಲ್ಲ, ಆಸ್ಟ್ರೇಲಿಯಾದಿಂದ ಬಂದಿದ್ದು ಸೌದೆ ಜಾತಿ ಅಂತ ಒಂಥರ ಅಸಡ್ಡೆ. ಆದ್ರೆ ದಪ್ಪ ದಿಮ್ಮಿ ಸಿಕ್ರೆ, ಅದನ್ನ ಮೊದ್ಲು ನಾಲ್ಕು ಹೋಳು ಮಾಡಿ ಆಮೇಲೆ ನಡುವಿನ ತಿರುಳಿಂದ ತೊಗಟೆ ಕಡೆಗೆ ಹೋಗೋ ಹಾಗೆ ಹಲಗೆ ತೆಗೆಸಿ ನೋಡಿ. ರಂದಾ ಹೊಡೆದ ಮೇಲೆ ಮೈತುಂಬ ಹೊಳೆಯೋ ಮಚ್ಚೆ ಮಚ್ಚೆ ಡಿಸೈನ್ ಬರುತ್ತೆ, ಬೆಳಕು ಬೀಳೋ ದಿಕ್ಕು ಬದಲಾದ ಹಾಗೆ ಮಚ್ಚೆನೂ ಎದ್ದು ಕಾಣುತ್ತೆ, ಮಾಯ ಆಗುತ್ತೆ. ನಮ್ಮ ಚಿಕ್ಕಪ್ಪನ ಮನೇಲಿ ವಾರ್ಡ್‌ರೋಬ್ ಬಾಗಿಲು ಅದ್ರದ್ದೇ, ಬಂದವ್ರೆಲ್ಲ ಇದು ಯಾವ ದೇಶದ ವೆನಿಯರ್ ಅಂತ ಕೇಳ್ತಾರೆ. ಸಾ ಮಿಲ್ಲಿನವ್ರು ಹೀಗೆ ಕೊಯ್ಯೋಕೆ ಗೊಣಗ್ತಾರೆ, ದಿಮ್ಮಿ ಪದೇ ಪದೇ ತಿರುಗಿಸ್ಬೇಕು, ವೇಸ್ಟ್ ಜಾಸ್ತಿ. ಪಕ್ಕದಲ್ಲೇ ನಿಂತು ಮಾಡ್ಸಬೇಕು, ಇಲ್ಲಾಂದ್ರೆ ಬ್ರೆಡ್ ಕುಯ್ದ ಹಾಗೆ ಸರಸರ ಕುಯ್ದು ಕೊಟ್ಬಿಡ್ತಾರೆ, ಆ ಹಲಗೆಲಿ ಡಿಸೈನೂ ಇಲ್ಲ, ಮೇಲಿಂದ ಬಾಗೋದೂ ಜಾಸ್ತಿ.

ಎರಡು ಎಚ್ಚರಿಕೆ. ಮಳೆಗಾಲದಲ್ಲಿ ಕಡಿದು ಹಾಗೇ ಬಿಟ್ರೆ ಸಿಲ್ವರ್‌ಗೆ ನೀಲಿ ಕಲೆ ಬರುತ್ತೆ, ಒಳಗೆ ಇಳಿದ್ರೆ ಹೋಗಲ್ಲ. ಇನ್ನೊಂದು, ನಿಮ್ಮ ಸಾಲುಮರ ತೋಟದ ಅಂಚಲ್ಲಿದೆ ಅಂದ್ರಲ್ಲ, ಯಾವ ಕಾಲದಲ್ಲೋ ತಂತಿ ಬೇಲಿ ಹೊಡೆದಿದ್ರೆ ಆ ಮೊಳೆ ತಂತಿ ಎಲ್ಲ ಮರದ ಒಳಗೆ ಹೋಗಿರುತ್ತೆ, ಹೊರಗೆ ಗುರುತೂ ಇರಲ್ಲ. ಬ್ಲೇಡಿಗೆ ತಾಗಿದ್ರೆ ಬ್ಲೇಡ್ ಹೋಯ್ತು, ಅದಕ್ಕೇ ಬೇಲಿ ಮರ ಅಂದ್ರೆ ಮಿಲ್ಲಿನವ್ರು ಮೂಗು ಮುರೀತಾರೆ. ಬುಡದಿಂದ ಎದೆ ಮಟ್ಟದವರೆಗೆ ಕಡಿದು ಸೌದೆಗೆ ಹಾಕಿ, ಮೇಲಿನ ನೆಟ್ಟಗಿರೋ ಭಾಗ ಮಾತ್ರ ಮಿಲ್ಲಿಗೆ ಕಳ್ಸಿ.

ಮೆಣಸು ಹಬ್ಬಿರೋ ಮರ ಆದ್ರೆ ಮುಟ್ಬೇಡಿ, ಬಳ್ಳಿ ಕೊಡೋ ದುಡ್ಡು ಮರ ಕೊಡಲ್ಲ.

---

ಉಳಿ_ಸುತ್ತಿಗೆ_ಉಡುಪಿ

ನಾನು ಮರದ ಕೆಲ್ಸ ಮಾಡುವವ, ನಮ್ಮ ಅಜ್ಜನ ಕಾಲದಿಂದ ಅದೇ. ನಿಮ್ಮ ಆರ್ಕಿಟೆಕ್ಟ್ ಹೇಳಿದ್ದು ಪೂರ್ತಿ ಸುಳ್ಳಲ್ಲ ಮಾರಾಯ್ರೆ, ಆದ್ರೆ ಸೊಟ್ಟ ಆಗುದು ಲೋಕಲ್ ಮರ ಅಂತ ಅಲ್ಲ, ಹಸಿ ಮರ ಅಂತ. ಘಾನಾದ ತೇಗವನ್ನು ಹಸಿ ತಂದು ಬಾಗಿಲು ಮಾಡಿ, ಅದೂ ಸೊಟ್ಟ ಆಗ್ತದೆ. ಮಂಗಳೂರು ಬಂದರಿಗೆ ಹಡಗಲ್ಲಿ ಬಂದ ದಿಮ್ಮಿ ಕೂಡ ಒಣಗಿ ಬರುದಿಲ್ಲ, ಅದು ಎಂತ ಗೊತ್ತುಂಟಾ, ಜನ ಫಾರಿನ್ ಮರ ಅಂದ್ರೆ ರೆಡಿ ಮಾಲು ಅಂತ ತಿಳ್ಕೊಂಡಿದ್ದಾರೆ.

ಹಲಸು ಇದ್ರೆ ನಿಮಗೆ ಬೇರೆ ಎಂತ ಬೇಕು. ನಮ್ಮ ಊರಲ್ಲಿ ಹಳೇ ಮನೆಗಳ ಬಾಗಿಲು, ದಾರಂದ, ದೇವರ ಮಂಟಪ ಎಲ್ಲ ಹಲಸೇ. ವೀಣೆ ಮಾಡುದೂ ಅದರಲ್ಲೇ. ಕೊಯ್ದಾಗ ಅರಶಿನ ಬಣ್ಣ ಇರ್ತದೆ, ಕಣ್ಣಿಗೆ ಹೊಡೀತದೆ, ಹೆದರ್ಬೇಡಿ, ಬೆಳಕು ತಾಗಿ ತಾಗಿ ವರ್ಷ ಕಳೆದ ಹಾಗೆ ಕಂದು ಆಗ್ತಾ ಹೋಗ್ತದೆ. ಅದಕ್ಕೆ ಸ್ಟೇನ್ ಹಚ್ಚುವುದು ಮಾತ್ರ ಮಾಡ್ಬೇಡಿ, ಈಗ ಹಚ್ಚಿದ ಬಣ್ಣದ ಮೇಲೆ ಮರದ ಬಣ್ಣವೂ ಕೂತು ಆಮೇಲೆ ತೀರಾ ಕಪ್ಪಾಗಿ ಕಾಣ್ತದೆ. ಒಳಗಿನ ಹಳದಿ ಕೆಚ್ಚು ಮಾತ್ರ ತಗೊಳ್ಳಿ, ಹೊರಗಿನ ಬಿಳಿ ಭಾಗ ಎಷ್ಟೇ ಚಂದ ಕಂಡ್ರೂ ಬಿಡಿ, ಕುಟ್ಟೆ ಹುಳ ಹಿಡಿಯುದು ಅಲ್ಲೇ. ಹಳೇ ಹಲಸು ಕೆಲವು ಸಲ ಒಳಗೆ ಟೊಳ್ಳು ಇರ್ತದೆ, ಕಡಿಯುವ ಮೊದಲು ಕೊಡಲಿ ಹಿಂಬದಿಯಿಂದ ಬಡಿದು ಶಬ್ದ ಕೇಳಿ.

ಮತ್ತಿ ಗಟ್ಟಿ, ಮೆಟ್ಟಿಲಿಗೆ ಬೆಸ್ಟ್, ಆದ್ರೆ ನನ್ನ ಶಾಪ ತಿನ್ನುವ ಮರ. ಮೊಳೆ ಬಗ್ತದೆ, ರಂದಾ ಹೊಡೆದ್ರೆ ಒಂದು ಕಡೆ ನುಣ್ಣಗೆ ಒಂದು ಕಡೆ ಕಿತ್ತು ಬರ್ತದೆ, ಅವಸರದಲ್ಲಿ ಒಣಗಿಸಿದ್ರೆ ಸೀಳ್ತದೆ. ದಿಮ್ಮಿಯ ಎರಡೂ ತುದಿಗೆ ಕಡಿದ ದಿನವೇ ದಪ್ಪ ಪೇಂಟ್ ಬಳೀರಿ, ಹಳಬರು ಸೆಗಣಿ ಮೆತ್ತುತ್ತಿದ್ದರು, ತುದಿಯಿಂದ ನೀರು ಬೇಗ ಆರುದನ್ನು ತಡೀಲಿಕ್ಕೆ.

ಮತ್ತೊಂದು, ಕಡಿಯುದಾದ್ರೆ ಅಮಾವಾಸ್ಯೆ ಹತ್ರ ಕಡೀರಿ. ನಗುವವರು ನಗ್ಲಿ.

---

ಸಿಮೆಂಟ್_ಸಿದ್ದ

ಇಷ್ಟೆಲ್ಲ ಓದಿದ ಮೇಲೆ ಯುಪಿವಿಸಿನೇ ಆರಾಮು ಅನ್ಸ್ತಿದೆ 😀

---

ನಕ್ಷೆ_ಮತ್ತು_ನೆರಳು

ನಾನು ಮೈಸೂರಲ್ಲಿ ಆರ್ಕಿಟೆಕ್ಟು. ನಿಮ್ಮ ಆರ್ಕಿಟೆಕ್ಟ್ ಪರವಾಗಿ ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ನಾವು ಓದೋವಾಗ ಮರ ಅಂದ್ರೆ ಅಪರಾಧ ಅನ್ನೋ ಥರ ಕಾಲ. 1993ರಲ್ಲಿ ಕೇಂದ್ರ ಸರ್ಕಾರದ ಲೋಕೋಪಯೋಗಿ ಇಲಾಖೆ ಸಿಪಿಡಬ್ಲ್ಯೂಡಿ ತನ್ನ ಕಟ್ಟಡಗಳಲ್ಲಿ ಮರ ಬಳಸೋದನ್ನೇ ನಿಲ್ಲಿಸ್ತು, 1996ರಲ್ಲಿ ಗೋದಾವರ್ಮನ್ ಕೇಸಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ಕಾಡು ಕಡಿಯೋದಕ್ಕೂ ಸಾ ಮಿಲ್ಲುಗಳಿಗೂ ಲಗಾಮು ಬಿತ್ತು. ಅದು ಬೇಕಾಗೇ ಇತ್ತು, ಆ ಮಾತು ಬೇರೆ. ಆದ್ರೆ ಅದರ ಜೊತೆಗೇ ರೈತ ಬೆಳೆದ ಮರನೂ ಕಟ್ಟಡದಿಂದ ಆಚೆ ಹೋಯ್ತು, ಅಲ್ಯೂಮಿನಿಯಂ ಪಿವಿಸಿ ಒಳಗೆ ಬಂತು. ಸಿಪಿಡಬ್ಲ್ಯೂಡಿ ಆ ನಿಷೇಧ ತೆಗೆದಿದ್ದು 2020ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಇಂಜಿನಿಯರು ಆರ್ಕಿಟೆಕ್ಟುಗಳಿಗೆ ಮರದ ಜೊತೆ ಕೆಲಸ ಮಾಡೋದೇ ಮರೆತುಹೋಗಿತ್ತು. ಈಗ ಬೆಂಗಳೂರು ಏರ್‌ಪೋರ್ಟ್ ಟರ್ಮಿನಲ್ 2ರ ಬಿದಿರಿನ ಸೀಲಿಂಗ್ ನೋಡ್ಕೊಂಡು ಬಂದು ಎಲ್ರೂ ನಮಗೂ ಹಂಗೆ ಮಾಡ್ಕೊಡಿ ಅಂತಾರೆ.

ನಿಮ್ಮ ಪ್ರಶ್ನೆಗೆ ಬರ್ತೀನಿ. ತಪ್ಪಾಗ್ತಿರೋದು ಎಲ್ಲಿ ಅಂದ್ರೆ ಪ್ಲಾನ್ ಫೈನಲ್ ಆಯ್ತು, ಈಗ ಮರ ಹುಡುಕ್ತಾ ಇದೀವಿ ಅನ್ನೋದ್ರಲ್ಲಿ. ಸ್ವಂತ ಮರ ಬಳಸೋದಾದ್ರೆ ಉಲ್ಟಾ ಹೋಗ್ಬೇಕು ಕಣ್ರೀ. ಮೊದ್ಲು ಮರ ಕೊಯ್ಸಿ ಎಷ್ಟು ಹಲಗೆ, ಎಷ್ಟು ಉದ್ದ, ಎಷ್ಟು ಅಗಲ ಸಿಕ್ತು ಅಂತ ಪಟ್ಟಿ ಮಾಡಿ ಆರ್ಕಿಟೆಕ್ಟ್ ಕೈಗೆ ಕೊಡಿ, ಡೀಟೇಲ್ ಡ್ರಾಯಿಂಗ್ ಆಮೇಲೆ ಆಗ್ಲಿ. ಅವ್ರು ಎಂಟಡಿ ಶಟರ್ ಬರೆದು, ನಿಮ್ಮ ದಿಮ್ಮಿ ಆರಡಿಗೇ ಸೊಟ್ಟ ತಿರುಗಿದ್ರೆ ಬೈಗುಳ ಮರಕ್ಕೆ ಬೀಳುತ್ತೆ.

ಇನ್ನು ಹಿಗ್ಗೋದು ಕುಗ್ಗೋದು. ನಿಮ್ಮೂರಲ್ಲಿ ಏಪ್ರಿಲ್‌ಗೂ ಜುಲೈಗೂ ಹವೆ ಎಷ್ಟು ಬದಲಾಗುತ್ತೆ ಅಂತ ನಾನು ಹೇಳ್ಬೇಕಿಲ್ಲ. ಒಂದಡಿ ಅಗಲದ ಹಲಗೆ ಆ ನಡುವೆ ಮೂರ್ನಾಲ್ಕು ಮಿಲಿಮೀಟರ್ ಆರಾಮಾಗಿ ಹಿಗ್ಗುತ್ತೆ, ಎಷ್ಟೇ ಪಾಲಿಶ್ ಮಾಡಿ. ಉದ್ದಕ್ಕೆ ಏನೂ ಆಗಲ್ಲ, ಆಟ ಎಲ್ಲ ಅಗಲಕ್ಕೆ. ಅದನ್ನ ತಡೆಯೋಕೆ ಹೋದ್ರೆ ಸೀಳುತ್ತೆ, ಜಾಗ ಬಿಟ್ರೆ ಸುಮ್ನಿರುತ್ತೆ. ಹಳೇ ಬಾಗಿಲುಗಳಲ್ಲಿ ಚೌಕಟ್ಟಿನ ಗ್ರೂವ್ ಒಳಗೆ ಹಲಗೆನ ಅಂಟು ಹಾಕದೆ ಸುಮ್ನೆ ಕೂರಿಸ್ತಿದ್ರಲ್ಲ, ಅದು ಇದಕ್ಕೇ. ಸೀಲಿಂಗಿಗೆ ನಾಲ್ಕಿಂಚಿನ ಸಿಲ್ವರ್ ಪಟ್ಟಿ ಹಾಕಿ, ನಡುವೆ ಸಣ್ಣ ಸಂದು ಡಿಸೈನ್ ಥರಾನೇ ಬಿಡಿ, ಆಗ ಮಳೆಗಾಲದಲ್ಲಿ ಹಿಗ್ಗಿದ್ರೂ ಯಾರಿಗೂ ಗೊತ್ತಾಗಲ್ಲ. ಹಳೇ ಮುಚ್ಚಿಗೆ (ಮರದ ಸೀಲಿಂಗ್) ಕಾನ್ಸೆಪ್ಟೇ, ಗೆರೆ ಮಾತ್ರ ಈಗಿನದು. ಜಗಲಿ ಸೀಲಿಂಗಿಗೆ ಅಡಿಕೆ ದಬ್ಬೆನ (ಸೀಳಿದ ಅಡಿಕೆ ಮರದ ಪಟ್ಟಿ) ಚೆನ್ನಾಗಿ ಕೆತ್ತಿ ಒಂದೇ ಅಗಲಕ್ಕೆ ತಂದು ಹೊಡೀರಿ, ಕೊಟ್ಟಿಗೆ ಸಾಮಾನು ಅಂತ ಅಪ್ಪಯ್ಯನೇ ಬೇಡ ಅನ್ಬಹುದು, ಹೊಡೆದ ಮೇಲೆ ನೋಡ್ಲಿ.

ಎಲ್ಲಿ ಬೇಡ ಅಂದ್ರೆ ಅಡುಗೆಮನೆ ಬಾಕ್ಸುಗಳಿಗೆ. ಸಿಂಕ್ ಕೆಳಗೆ, ಒಲೆ ಪಕ್ಕ, ಅಲ್ಲೆಲ್ಲ ನೀರಿಗೆ ತಡೆಯೋ ಒಳ್ಳೇ ಪ್ಲೈವುಡ್ಡೇ ಹಾಕಿ. ಬೇಜಾರು ಬೇಡ, ಆ ಪ್ಲೈವುಡ್ ಒಳಗಿರೋದೂ ಎಷ್ಟೋ ಸಲ ನಮ್ಮ ಕಡೆ ಸಿಲ್ವರ್, ನೀಲಗಿರಿ, ಹೆಬ್ಬೇವೇ. ಕಿಟಕಿಗೆ ಹಲಸು ಧಾರಾಳವಾಗಿ ಹಾಕಿ, ಆದ್ರೆ ಸೂರು ಎರಡೂವರೆ ಮೂರಡಿ ಮುಂದೆ ಬರ್ಬೇಕು. ಶ್ರೀರಂಗಪಟ್ಟಣದ ದರಿಯಾ ದೌಲತ್ 1784ರದ್ದು, ಅದರ ತೇಗದ ಕಂಬಗಳು ಇವತ್ತಿಗೂ ನಿಂತಿರೋದ್ರಲ್ಲಿ ತೇಗದ ಗುಣ ಎಷ್ಟಿದೆಯೋ ಮೇಲಿನ ಸೂರಿನ ಗುಣನೂ ಅಷ್ಟೇ ಇದೆ. ನಿಮ್ಮ ಎಲಿವೇಶನ್‌ನಲ್ಲಿ ಸೂರಿಲ್ಲದ ಬೋಳು ಗೋಡೇಲಿ ದೊಡ್ಡ ಕಿಟಕಿ ಇದ್ರೆ ಆ ಒಂದು ಕಡೆಗೆ ಯುಪಿವಿಸಿ ಹಾಕಿಬಿಡಿ, ತೀರ್ಥಹಳ್ಳಿ ಮಳೆ ಎದುರು ಹಟ ಬೇಡ.

---

ತುಂಗಾ_ತೀರ

ಅಬ್ಬಾ, ಇಷ್ಟು ವಿವರ ಸಿಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಸೂರಿಲ್ಲದ ಕಿಟಕಿ ನಿಜವಾಗ್ಲೂ ಇದೆ, ಪಡುವಣ ಕಡೆಗೆ 🙂

ಒಂದೆರಡು ಡೌಟು. ಗೋಡೆ ಏಳೋವಾಗಲೇ ಚೌಕಟ್ಟು ಕೂರ್ಸಬೇಕು ಅಂತ ಮೇಸ್ತ್ರಿ ಹೇಳ್ತಾರೆ, ಅಷ್ಟರಲ್ಲಿ ಮರ ಒಣಗಲ್ವಲ್ಲ? ಮತ್ತೆ ಅಮಾವಾಸ್ಯೆ ವಿಷಯ ಸೀರಿಯಸ್ಸಾ? ಪರ್ಮಿಶನ್ ಬಗ್ಗೆ ಯಾರೂ ಹೇಳ್ಲಿಲ್ಲ. ಮತ್ತೆ ಹಳೇ ಕೊಟ್ಟಿಗೆ ಬಿಚ್ಚಿದಾಗ ಬಂದ ತೊಲೆ, ಪಕಾಸು ಒಂದಷ್ಟು ಹಿತ್ತಲಲ್ಲಿ ಶೀಟ್ ಕೆಳಗೆ ಬಿದ್ದಿದೆ, ಹೊನ್ನೆ ಅಂತಾರೆ ಅಪ್ಪಯ್ಯ, ಅದನ್ನ ಸೌದೆಗೆ ಕೊಡೋದಾ?

---

ತೇವಾಂಶ_12

ನಾನು ಮರದ ಟೆಸ್ಟಿಂಗ್, ಸೀಸನಿಂಗ್ ಲೈನಲ್ಲಿ ಇರೋನು. ಒಂದೊಂದಾಗಿ ಹೇಳ್ತೀನಿ.

ಅಮಾವಾಸ್ಯೆ: ಕುಟ್ಟೆ ಹುಳ ಬರೋದು ಮರದ ಬಿಳಿ ಭಾಗದಲ್ಲಿರೋ ಪಿಷ್ಟಕ್ಕೆ. ಯಾವ ಕಾಲದಲ್ಲಿ ಮರದೊಳಗೆ ಪಿಷ್ಟ ಕಮ್ಮಿ ಇರುತ್ತೋ ಆಗ ಕಡಿದ್ರೆ ಹುಳಕ್ಕೆ ಊಟ ಕಮ್ಮಿ, ಇಷ್ಟು ಸರಿ. ಚಂದ್ರನ ಲೆಕ್ಕಕ್ಕೆ ನಾನು ಕೈ ಹಾಕಲ್ಲ, ಉಡುಪಿಯವರ ಹತ್ರ ಜಗಳ ಯಾಕೆ. ಆದ್ರೆ ಅಮಾವಾಸ್ಯೆ ದಿನ ಕಡಿದೆ, ಇನ್ನು ಔಷಧಿ ಬೇಡ ಅಂತ ಮಾತ್ರ ಕೂರ್ಬೇಡಿ. ಸಿಲ್ವರ್‌ಗೆ ಬೋರಾಕ್ಸ್ ಬೋರಿಕ್ ಆ್ಯಸಿಡ್ ಕೊಡ್ಲೇಬೇಕು, ಬೋರಾಕ್ಸ್ ಒಂದೂವರೆ ಪಾಲು, ಬೋರಿಕ್ ಒಂದು ಪಾಲು. ಇದ್ರಲ್ಲಿ ಜನ ಎಡವೋದು ಎಲ್ಲಿ ಅಂದ್ರೆ ಒಣಗಿದ ಮೇಲೆ ಬ್ರಷ್ಷಲ್ಲಿ ಬಳಿಯೋದು, ಅದು ಬರೀ ಮೇಲ್ಮೈಗೆ. ಕೊಯ್ದ ತಕ್ಷಣ ಹಲಗೆ ಇನ್ನೂ ಹಸಿ ಇರೋವಾಗಲೇ ಮುಳುಗಿಸಿ ತೆಗೆದು, ಒತ್ತೊತ್ತಾಗಿ ಜೋಡ್ಸಿ ಪ್ಲಾಸ್ಟಿಕ್ ಹೊದಿಸಿ ಕೆಲವು ವಾರ ಬಿಡ್ಬೇಕು, ಮರದೊಳಗಿನ ನೀರಿನ ಜೊತೆ ಔಷಧಿ ಒಳಗೆ ಇಳಿಯುತ್ತೆ, ಆಮೇಲೆ ಬಿಚ್ಚಿ ಒಣಗ್ಸೋದು. ಅಡಿಕೆ ದಬ್ಬೆಗೂ ಇದೇ. ಮಳೆ ತಾಗೋ ಜಾಗಕ್ಕೆ ಬೋರಾಕ್ಸ್ ಪ್ರಯೋಜನ ಇಲ್ಲ, ತೊಳೆದು ಹೋಗುತ್ತೆ.

ಒಣಗ್ಸೋದು: ಡಿಸೆಂಬರ್ ಜನವರಿಲಿ ಕಡಿದು ಕೊಯ್ಸಿದ್ರೆ ಒಂದಿಂಚಿನ ಸಿಲ್ವರ್ ಹಲಗೆ ಮಳೆಗಾಲದೊಳಗೆ ನೆರಳಲ್ಲೇ ಸುಮಾರಾಗಿ ಒಣಗುತ್ತೆ. ನೆಲದಿಂದ ಒಂದೂವರೆ ಅಡಿ ಎತ್ತರ, ಪ್ರತಿ ಹಲಗೆ ನಡುವೆ ಒಂದಿಂಚಿನ ರೀಪು ತುಂಡು, ಆ ತುಂಡುಗಳು ಕೆಳಗಿಂದ ಮೇಲಿನವರೆಗೆ ಒಂದೇ ನೇರಕ್ಕೆ ಬರ್ಬೇಕು, ತಪ್ಪಿದ್ರೆ ಅಲ್ಲೇ ಬಾಗುತ್ತೆ. ಮೇಲೆ ಭಾರಕ್ಕೆ ಕಲ್ಲು. ಮತ್ತಿ ಮೆಟ್ಟಿಲಿಗೆ ದಪ್ಪ ಬೇಕಲ್ಲ, ಅದು ವರ್ಷಕ್ಕೂ ಜಾಸ್ತಿ ತಗೊಳುತ್ತೆ ಅಥ್ವಾ ಕಿಲ್ನ್ (ಮರ ಒಣಗ್ಸೋ ಬಿಸಿ ಕೋಣೆ) ಇರೋ ಕಡೆ ಕಳ್ಸಿ. ತೇವ ನೋಡೋ ಸಣ್ಣ ಮೀಟರ್ ಒಂದು ತರ್ಸಿಕೊಳ್ಳಿ, ಆಚಾರ್ರು ಕೈಲಿ ತಟ್ಟಿ ಒಣಗಿದೆ ಅಂದ್ರೂ ಮೀಟರ್ ಚುಚ್ಚಿ. ಬೆಂಗಳೂರಲ್ಲಿ ತೇವ ಶೇಕಡ 12ರ ಒಳಗೆ ಇರ್ಬೇಕು ಅಂತೀವಿ, ನಿಮ್ಮೂರಿಗೆ 14 ಬಂದ್ರೂ ನಡೆಯುತ್ತೆ, ತೀರಾ ಒಣಗಿಸಿ ತಗೊಂಡು ಹೋದ್ರೆ ಮೊದಲ ಮಳೆಗೇ ಬಾಗಿಲು ಹಿಡ್ಕೊಳುತ್ತೆ.

ಚೌಕಟ್ಟು: ಮೇಸ್ತ್ರಿ ಮಾತು ಕೇಳ್ಬೇಡಿ. ಗೋಡೇಲಿ ಸರಿಯಾದ ಅಳತೆಗೆ ಜಾಗ ಬಿಟ್ಟು, ಗಾರೆ ಕೆಲಸ ಎಲ್ಲ ಮುಗಿದು ಗೋಡೆ ಒಣಗಿದ ಮೇಲೆ ಸ್ಕ್ರೂ ಹಾಕಿ ಕೂರ್ಸಬಹುದು, ಯುಪಿವಿಸಿ ಕೂರ್ಸೋದೂ ಹಂಗೇ ತಾನೆ. ಹಸಿ ಸಿಮೆಂಟಿನ ನೀರು ಕುಡಿಯೋದೂ ತಪ್ಪುತ್ತೆ.

ಪರ್ಮಿಶನ್: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಜಾಗದ ಮರಕ್ಕೂ ವೃಕ್ಷ ಅಧಿಕಾರಿ ಅನುಮತಿ ಬೇಕು. ಸಿಲ್ವರ್, ನೀಲಗಿರಿ, ಗಾಳಿ ಮರ, ತೆಂಗು, ರಬ್ಬರ್, ಸುಬಾಬುಲ್ ಇಂಥ ಕೆಲವಕ್ಕೆ ವಿನಾಯಿತಿ ಇದೆ. ಮತ್ತಿ ಹೊನ್ನೆ ಥರದ ಕಾಡುಮರಕ್ಕೆ ಇಲ್ಲ. ಹಲಸು, ಅಕೇಶಿಯಾಗೂ ರೇಂಜ್ ಆಫೀಸಲ್ಲಿ ಒಂದು ಮಾತು ಕೇಳ್ಕೊಂಡೇ ಕೊಡಲಿ ಎತ್ತಿ, ಮಿಲ್ಲಿಗೆ ಸಾಗಿಸೋ ಪಾಸ್ ಬೇಕಾ ಅಂತನೂ ಅಲ್ಲೇ ಕೇಳಿ. ಮುಖ್ಯ ಅಂದ್ರೆ ಮರ ನಿಂತಿರೋ ಜಾಗ ಪಹಣೀಲಿ ನಿಮ್ಮದಾ ನೋಡಿ, ಸೊಪ್ಪಿನ ಬೆಟ್ಟ, ಕಾನು ಅಂತ ಇದ್ರೆ ಸೊಪ್ಪು ದರಗು ನಿಮ್ಮದು, ಮರ ಸರ್ಕಾರದ್ದು. ಬ್ಯಾಣದ ಅಕೇಶಿಯಾಗೆ ಇದು ವಿಶೇಷವಾಗಿ ನೋಡ್ಕೊಳ್ಳಿ. ಬೀಟೆ ಇದ್ರೆ ಅದರ ಸುದ್ದಿಗೇ ಹೋಗ್ಬೇಡಿ.

ಕೊಟ್ಟಿಗೆ ಮರ ಹೊನ್ನೆನೋ ಅಲ್ವೋ ಅಂತ ಡೌಟ್ ಇದ್ರೆ ಬೆಂಗಳೂರು ಮಲ್ಲೇಶ್ವರದಲ್ಲಿರೋ ಮರ ಸಂಶೋಧನಾ ಸಂಸ್ಥೆ ಐಡಬ್ಲ್ಯೂಎಸ್‌ಟಿಗೆ ಒಂದು ತುಂಡು ತಗೊಂಡು ಹೋಗಿ, ಮರ ಯಾವುದು ಅಂತ ಗುರುತಿಸಿ ಕೊಡ್ತಾರೆ.

---

ಉಳಿ_ಸುತ್ತಿಗೆ_ಉಡುಪಿ

ಸೌದೆಗೆ ಕೊಟ್ರೆ ನಾನೇ ಲಾರಿ ತಗೊಂಡು ಬರ್ತೇನೆ ಮಾರಾಯ್ರೆ! ಅಷ್ಟು ವರ್ಷ ಸೂರಿನ ಕೆಳಗೆ ಒಣಗಿದ ಮರ ಯಾವ ಕಿಲ್ನಲ್ಲೂ ಸಿಗುದಿಲ್ಲ. ನಿಮ್ಮ ಚೌಕಟ್ಟಿನ ಪ್ರಶ್ನೆಗೆ ಉತ್ತರ ಹಿತ್ತಲಲ್ಲೇ ಉಂಟು. ಮುಂಬಾಗಿಲಿನ ಚೌಕಟ್ಟು ಅದರಲ್ಲಿ ಮಾಡ್ಸಿ, ಬೇಕಾದ್ರೆ ಮೇಸ್ತ್ರಿ ಹೇಳಿದ ಹಾಗೆ ಮೊದಲೇ ಕೂರ್ಸಿ, ಆದ್ರೆ ಹೊನ್ನೆ ಆದ್ರೆ ಗೋಡೆಗೆ ತಾಗುವ ಬದಿಗೆ ಪ್ರೈಮರ್ ಹೊಡೆದೇ ಕೂರ್ಸಿ, ಇಲ್ಲದಿದ್ರೆ ನೀರು ತಾಗಿದಾಗ ಬಣ್ಣ ಬಿಟ್ಟು ಬಿಳಿ ಗೋಡೆಗೆ ಕಲೆ ಇಳೀತದೆ.

ಅಡುಗೆಮನೆ ವಿಷಯ ಮೈಸೂರಿನವರ ಮಾತು ಅರ್ಧ ಒಪ್ತೇನೆ. ಬಾಕ್ಸ್ ಪ್ಲೈವುಡ್ ಆಗ್ಲಿ, ಬಾಗಿಲು ಯಾಕೆ? ಹಲಸಿನ ಫ್ರೇಮು, ಒಳಗೆ ಸಿಲ್ವರ್ ಹಲಗೆ, ನಾನು ಮಾಡಿ ಕೊಟ್ಟ ಅಡುಗೆಮನೆಗಳು ಉಂಟು ನಮ್ಮ ಕಡೆ, ಹವೆ ನಿಮ್ಮದಕ್ಕಿಂತ ಒದ್ದೆ.

---

ನಕ್ಷೆ_ಮತ್ತು_ನೆರಳು

ಆ ಥರ ಫ್ರೇಮ್ ಜೋಡಿಸೋ ಕೈ ಸಿಕ್ರೆ ನನ್ನ ತಕರಾರಿಲ್ಲ ಸ್ವಾಮಿ. ನಮಗೆ ಸಿಗೋ ಮಾಡ್ಯುಲರ್ ಕಿಚನ್ ಹುಡುಗ್ರು ಉಳಿ ಹಿಡಿದಿದ್ದೇ ನೋಡಿಲ್ಲ, ನಾನು ಹೇಳಿದ್ದು ಅವರನ್ನ ಇಟ್ಕೊಂಡು.

ಖರ್ಚಿನ ಬಗ್ಗೆ ಕೇಳಿದ್ರಿ, ರೇಟ್ ಬರೆಯಲ್ಲ, ಊರೂರಿಗೆ ಬೇರೆ. ಮರದ ದುಡ್ಡು ಉಳಿಯುತ್ತೆ, ಆದ್ರೆ ಕಡಿಯೋ ಕೂಲಿ, ಸಾಗಾಣಿಕೆ, ಕೊಯ್ಯೋದು, ಔಷಧಿ, ಒಣಗ್ಸೋದು, ಬಡಗಿ ಸಂಬಳ ಎಲ್ಲ ಸೇರಿದ್ರೆ ಪ್ಲೈವುಡ್ ಲ್ಯಾಮಿನೇಟಿಗಿಂತ ಅಗ್ಗ ಆಗಲ್ಲ, ಒಳ್ಳೇ ತೇಗಕ್ಕಿಂತ ಖಂಡಿತ ಅಗ್ಗ.

---

ಕಾಫಿಗಿಡ_ಕರಿಮೆಣಸು

ಲೆಕ್ಕದ ಮಾತು ಬಂತಲ್ಲ, ಒಂದು ಸೇರಿಸ್ತೀನಿ. ಮಿಕ್ಕಿದ ದಿಮ್ಮಿ ಮಾರೋದಾದ್ರೆ ವ್ಯಾಪಾರಿ ಸುತ್ತಳತೆನ ನಾಲ್ಕರಿಂದ ಭಾಗಿಸಿ, ಅದರ ವರ್ಗಕ್ಕೆ ಉದ್ದ ಗುಣಿಸ್ತಾನೆ. ನಾಲ್ಕಡಿ ಸುತ್ತಳತೆ, ಹತ್ತಡಿ ಉದ್ದ ಅಂದ್ರೆ ಹತ್ತು ಘನ ಅಡಿ, ಅಂದ್ರೆ ಹತ್ತು ಸಿಎಫ್‌ಟಿ. ದುಂಡಗಿನ ಮರದ ನಿಜವಾದ ಲೆಕ್ಕ ಹಾಕಿದ್ರೆ 12.7 ಬರುತ್ತೆ. ಮೋಸ ಅಂತಲ್ಲ, ಪಕ್ಕೆ ಸಿಪ್ಪೆ ಹೋಗೋದಕ್ಕೆ ಬಿಟ್ಟಿರೋದು, ಎಲ್ಲಾ ಕಡೆ ಇದೇ ಪದ್ಧತಿ. ಆದ್ರೆ ನೀವು ಮಿಲ್ಲಿಂದ ಹಲಗೆ ವಾಪಸ್ ತಗೊಳ್ಳೋವಾಗ ಯಾವ ಅಳತೆ ಅಂತ ಮೊದಲೇ ಮಾತಾಡಿ, ದಿಮ್ಮಿ ಲೆಕ್ಕಕ್ಕೆ ಕೂಲಿನಾ, ಹಲಗೆ ಲೆಕ್ಕಕ್ಕಾ. ಜಗಳ ಆಗೋದೇ ಅಲ್ಲಿ. ಪಕ್ಕೆ ತುಂಡುಗಳನ್ನೂ ಬಿಡ್ಬೇಡಿ, ಹಲಗೆ ಜೋಡ್ಸೋವಾಗ ನಡುವೆ ಇಡೋ ರೀಪು ತುಂಡು ಅದ್ರಲ್ಲೇ ಆಗುತ್ತೆ.

---

ತುಂಗಾ_ತೀರ

ಸರಿ, ಆರ್ಕಿಟೆಕ್ಟ್‌ಗೆ ಈ ಥ್ರೆಡ್ ಲಿಂಕ್ ಕಳ್ಸಿದೆ, ಮೆಟ್ಟಿಲು ಮತ್ತೆ ಸೀಲಿಂಗ್ ಡ್ರಾಯಿಂಗ್ ತಡ್ಕೊಳ್ತೀನಿ ಅಂದ್ರು, ಕಿಟಕಿ ಬಗ್ಗೆ ಇನ್ನೂ ಮಾತು ನಡೀತಿದೆ. ಕೊಟ್ಟಿಗೆ ತೊಲೆಗಳ ಮೇಲೆ ಇನ್ನೊಂದು ಶೀಟ್ ಹಾಕೋಕೆ ಹೇಳಿದೀನಿ. ಅದ್ರಲ್ಲಿ ಮೊಳೆ ಇರೋದು ಪತ್ತೆ ಮಾಡೋದು ಹೆಂಗೆ, ಎಷ್ಟೋ ಕಡೆ ತಲೆ ಮುರಿದು ಹೋಗಿದೆ?

---

ಉಳಿ_ಸುತ್ತಿಗೆ_ಉಡುಪಿ

ಸ್ಪೀಕರಿನ ಹಳೇ ಮ್ಯಾಗ್ನೆಟ್ ಒಂದು ದಾರಕ್ಕೆ ಕಟ್ಟಿ ತೊಲೆ ಪಕ್ಕದಲ್ಲಿ ಮೆಲ್ಲ ಎಳ್ಕೊಂಡು ಹೋಗಿ, ಮೊಳೆ ಇದ್ದಲ್ಲಿ ಅಂಟ್ಕೊಳ್ತದೆ, ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆಳದಲ್ಲಿದ್ರೆ ಮೆಟಲ್ ಡಿಟೆಕ್ಟರೇ ಬೇಕು. ಮೊಳೆ ಸುತ್ತ ಮರ ಕಪ್ಪಾಗಿರ್ತದೆ, ಅದನ್ನೂ ನೋಡಿ. ತೆಗೀಲಿಕ್ಕೆ ಆಗದ್ದನ್ನು ಕುತ್ತಿ ಎಬ್ಬಿಸ್ಲಿಕ್ಕೆ ಹೋಗ್ಬೇಡಿ, ಆ ತುಂಡು ಬಿಟ್ಟು ಎರಡೂ ಬದಿಯಿಂದ ಕೊಯ್ಸಿ.